ಕೊಂಗುನಾಡಿನಲ್ಲಿ ಮೂರು ಗಾಲಿಯ ಹಿರಿಯರು

ಕೊಯಮತ್ತೂರೆಂದರೆ ನಮ್ಮ ವಾಚಕರಿಗೆ ಹತ್ತಿಯ ಗಿರಣಿಗಳೂ ನೀರೆತ್ತುವ ಪಂಪುಗಳೂ ಮೊದಲು ನೆನಪಾಗುತ್ತವೆ. ಆ ಸೀಮೆಯ ಯಂತ್ರಪ್ರೇಮಕ್ಕೆ ಮೊದಲ ಗುರು ಒಂದು ಮೋಟಾರ್ ಸೈಕಲು ಎಂದರೆ ತಪ್ಪಾಗಲಾರದು. 1893ರಲ್ಲಿ ಕಲಂಗಲ್ ಗ್ರಾಮದಲ್ಲಿ ಜನಿಸಿದ ಜಿ.ಡಿ. ನಾಯ್ಡು ಅವರು ಎಳೆಯ ಪ್ರಾಯದಲ್ಲಿ ಬ್ರಿಟಿಷ್ ಕಂದಾಯ ಅಧಿಕಾರಿಯೊಬ್ಬರ ರಡ್ಜ್ ಮೋಟಾರ್ ಸೈಕಲನ್ನು ಕಂಡು ಮರುಳಾದರು. ಕೊಯಮತ್ತೂರಿನ ಹೋಟೆಲಿನಲ್ಲಿ ಮಾಣಿಯಾಗಿ ದುಡಿದು ಹಣ ಕೂಡಿಸಿ ಅದನ್ನು ಕೊಂಡರು. ಕೊಂಡದ್ದನ್ನು ಬಿಚ್ಚಿ ನೋಡಿ ಮತ್ತೆ ಜೋಡಿಸಿದರು. 1920ರಲ್ಲಿ ಪೊಳ್ಳಾಚಿ ಮತ್ತು ಪಳನಿಯ ನಡುವೆ ಬಸ್ಸು ಓಡಿಸಿದರು; 1937ರಲ್ಲಿ ಡಿ. ಬಾಲಸುಂದರಂ ಅವರೊಡನೆ ದೇಶದಲ್ಲೇ ತಯಾರಾದ ಮೊದಲ ವಿದ್ಯುತ್ ಮೋಟಾರನ್ನು ಹೊರತಂದರು. 2025ರ ಅಕ್ಟೋಬರಿನಲ್ಲಿ ಅವಿನಾಶಿ ರಸ್ತೆಯ ಮೇಲೆ ತೆರೆದ ಸುಮಾರು 10 ಕಿಲೋಮೀಟರು ಉದ್ದದ ಮೇಲ್ಸೇತುವೆಗೆ ಅವರ ಹೆಸರನ್ನೇ ಇಟ್ಟಿದ್ದಾರೆ.

ಇಂಥ ಊರಿನ ರಸ್ತೆಗಳಲ್ಲಿ ವೇಗದ ವಾಹನಗಳಿಗೇನೂ ಬರವಿಲ್ಲ. ಆದರೆ ನಾವು ಈ ಬಾರಿ ಬರೆಯಹೊರಟಿರುವುದು ರಸ್ತೆಯ ಎಡಅಂಚನ್ನು ಹಿಡಿದು ಮೆಲ್ಲಗೆ ಸಾಗುವ ಒಂದು ವಾಹನವನ್ನು ಕುರಿತು. ಸ್ಕೂಟರು ಇಲ್ಲವೆ ಮೊಪೆಡ್ಡು. ಹಿಂಗಾಲಿಯ ಇಕ್ಕೆಲಗಳಲ್ಲಿ ಇನ್ನೆರಡು ಚಿಕ್ಕ ಗಾಲಿಗಳು. ಮೇಲೆ ಬಿಳಿಯ ಪಂಚೆಯುಟ್ಟ, ಎಪ್ಪತ್ತರ ಆಸುಪಾಸಿನ ಹಿರಿಯರು. ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ನಮ್ಮ ನೆಂಟರಿಷ್ಟರ ಊರುಗಳನ್ನು ಸುತ್ತಿಬಂದಾಗ ಈ ವಾಹನ ನಮ್ಮ ಗಮನವನ್ನು ಮತ್ತೆ ಮತ್ತೆ ಸೆಳೆಯಿತು.

ಚಾಮರಾಜನಗರದಿಂದ ಹಾಸನೂರಿನ ಮೇಲೆ ದಿಂಬಂ ಘಟ್ಟಕ್ಕೆ ಬಂದು, ಅದರ 27 ತಿರುವುಗಳನ್ನಿಳಿದು, ಬಣ್ಣಾರಿ ಅಮ್ಮನಿಗೆ ಕೈಮುಗಿದು ಸತ್ಯಮಂಗಲವನ್ನು ಸೇರಿದರೆ ಕೊಂಗುನಾಡಿನ ಬಯಲು ತೆರೆದುಕೊಳ್ಳುತ್ತದೆ. ಈ ಬಯಲಿನಲ್ಲಿ ಕನ್ನಡ ಮನೆಮಾತಿನವರು ಶತಮಾನಗಳಿಂದ ನೆಲೆಸಿದ್ದಾರೆ. ಒಕ್ಕಲಿಗರಿದ್ದಾರೆ, ಅನುಪ್ಪರಿದ್ದಾರೆ, ಭವಾನಿಯ ದಡದ ಸಿರುಮುಗೈಯಲ್ಲಿ ರೇಷ್ಮೆಯನ್ನೂ ಪೊಳ್ಳಾಚಿಯ ಸಮೀಪದ ನೆಗಮಂನಲ್ಲಿ ಹತ್ತಿಯ ಸೀರೆಯನ್ನೂ ನೇಯುವ ದೇವಾಂಗರಿದ್ದಾರೆ. ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ತಮಿಳು, ಅಡುಗೆಮನೆಯಲ್ಲಿ ಮತ್ತು ಮಗ್ಗದ ಮುಂದೆ ಕನ್ನಡ. 2009ರಲ್ಲಿ ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾದಾಗ ಉಡುಮಲೈಪೇಟೆ, ಪಲ್ಲಡಂ, ಅವಿನಾಶಿಗಳು ಅದಕ್ಕೆ ಸೇರಿದವು. ನೆಂಟಸ್ತಿಕೆಗಳು ಮಾತ್ರ ಎರಡೂ ಜಿಲ್ಲೆಗಳಲ್ಲಿ ಹೆಣೆದುಕೊಂಡೇ ಇವೆ.

ಈ ಮನೆಗಳಿಗೆ ಎರಡು ಗಾಲಿಯ ವಾಹನ ಎಂದೂ ಶೋಕಿಯ ವಸ್ತುವಾಗಿರಲಿಲ್ಲ. ಕನ್ನಡದ ನೆರೆಯಾದ ಹೊಸೂರಿನ ಕಾರ್ಖಾನೆಯಿಂದ 1980ರಲ್ಲಿ ಟಿವಿಎಸ್ 50 ಎಂಬ ಇಬ್ಬರು ಕೂರುವ ಮೊಪೆಡ್ಡು ಹೊರಬಂದ ಮೇಲೆ, ಸೈಕಲಿನ ಮೇಲೆ ನೂಲು ಸಾಗಿಸುತ್ತಿದ್ದವರು ಅದರ ಮೇಲೆ ಸಾಗಿಸತೊಡಗಿದರು. ಸಹಕಾರ ಸಂಘದಿಂದ ನೂಲು ತರುವುದು, ನೇಯ್ದ ಸೀರೆಯನ್ನು ಒಪ್ಪಿಸುವುದು, ಮಗಳ ಮನೆಗೆ ಹೋಗಿಬರುವುದು, ಎಲೆಅಡಿಕೆಯಿಟ್ಟು ಮದುವೆಗೆ ಕರೆಯುವುದು, ಎಲ್ಲವೂ ಅದರ ಮೇಲೆಯೇ. ಅನುಕೂಲವಿದ್ದವರು ಬುಲೆಟ್ಟನ್ನೋ ಚೇತಕ್ ಸ್ಕೂಟರನ್ನೋ ಇಟ್ಟುಕೊಂಡರು. ಅಂದು ಮೂವತ್ತರ ಹರೆಯದಲ್ಲಿ ಹ್ಯಾಂಡಲು ಹಿಡಿದವರಿಗೆ ಇಂದು ಎಪ್ಪತ್ತೈದು.

ನೇಕಾರನ ಮೊಣಕಾಲಿನ ಕಥೆಯೇ ಬೇರೆ. ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವ ಗುಂಡಿಮಗ್ಗದಲ್ಲಿ ಕೈ ಲಾಳಿಯನ್ನು ಓಡಿಸಿದರೆ ಕಾಲು ಹಲಗೆಯನ್ನು ತುಳಿಯುತ್ತಿರಬೇಕು. ಒಂದೊಂದು ಎಳೆಗೂ ಒಂದು ತುಳಿತ. ಐವತ್ತು ವರ್ಷ ಹೀಗೆ ತುಳಿದ ಕಾಲು, ಸಿಗ್ನಲಿನಲ್ಲಿ ನಿಂತ ಭಾರದ ವಾಹನವನ್ನು ಆತುಕೊಳ್ಳಲು ಒಪ್ಪದಿದ್ದರೆ ಆಶ್ಚರ್ಯವೇನು? ಎರಡು ಗಾಲಿಯ ವಾಹನ ಓಡುತ್ತಿರುವಾಗ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ನಿಂತಾಗ ಅದನ್ನು ನಿಲ್ಲಿಸಬೇಕಾದದ್ದು ಸವಾರನ ಕಾಲು. ಆದುದರಿಂದಲೇ ಹಿರಿಯರಲ್ಲಿ ಅನೇಕರು ಬೀಳುವುದು ವೇಗದಲ್ಲಲ್ಲ. ಮನೆಯ ಮುಂದೆ, ಅಂಗಡಿಯ ಮುಂದೆ, ವಾಹನವನ್ನು ತಿರುಗಿಸುವಾಗ. ಆ ವಯಸ್ಸಿನಲ್ಲಿ ತೊಡೆಯ ಮೂಳೆ ಮುರಿದರೆ ಮುಂದಿನ ಬದುಕೇ ಬದಲಾಗಿಬಿಡುತ್ತದೆ.

ಸಿರುಮುಗೈಯ ಹಿರಿಯರೊಬ್ಬರ ಮನೆಯಂಗಳದಲ್ಲಿ ಪಕ್ಕದ ಗಾಲಿಯ ಮೊಪೆಡ್ಡು ನಿಂತಿತ್ತು. ಯಾವಾಗ ಹಾಕಿಸಿದಿರಿ ಎಂದು ವಿಚಾರಿಸಿದೆವು.

"ಬಿದ್ದ ಮೇಲೆ ಹಾಕ್ಸೋದಕ್ಕಿಂತ ಬೀಳೋಕೆ ಮುಂಚೇನೇ ಹಾಕ್ಸಿದೆ, ತಮ್ಮಾ," ಎಂದರು. "ಮೊದಲು ಮಗ ಗಾಡಿ ಬೀಗ ಇಸ್ಕೊಂಡ. ಮೂರು ತಿಂಗಳು ಜಗಲಿ ಮೇಲೆ ಕೂತೆ. ದಾರೀಲಿ ಹೋಗೋರನ್ನ ಎಣಿಸೋ ಕೆಲಸ ನನಗೆ ಒಗ್ಗಲಿಲ್ಲ."

ಅವರ ಪತ್ನಿ ಒಳಗಿನಿಂದ ಮಜ್ಜಿಗೆ ತಂದುಕೊಟ್ಟು ಮಾತು ಸೇರಿಸಿದರು: "ಮುಂಚೆ ಇವರ ಹಿಂದೆ ಕೂತ್ರೆ ಇಳಿಯೋವರೆಗೂ ಚೌಡಮ್ಮನ್ನ ನೆನೀತಿದ್ದೆ. ಈಗ ಸುಮ್ಮನೆ ಕೂತು ದಾರಿ ನೋಡ್ತೀನಿ."

ಈ ಜೋಡಣೆ ಮೊದಲು ರೂಢಿಗೆ ಬಂದುದು ವೃದ್ಧರಿಗಾಗಿ ಅಲ್ಲ. ಪೋಲಿಯೋ ಮುಂತಾದ ಕಾರಣಗಳಿಂದ ಕಾಲಿನ ಬಲ ಕಳೆದುಕೊಂಡವರಿಗೆ ತಮಿಳುನಾಡು ಸರಕಾರವು ಪಕ್ಕದ ಗಾಲಿ ಜೋಡಿಸಿದ ಪೆಟ್ರೋಲು ಸ್ಕೂಟರುಗಳನ್ನು ಉಚಿತವಾಗಿ ಕೊಡುತ್ತ ಬಂದಿದೆ. ಬೀದಿಯಲ್ಲಿ ಅವುಗಳನ್ನು ಕಂಡ ಹಿರಿಯರು ತಮಗೂ ಇದು ಆದೀತಲ್ಲ ಎಂದುಕೊಂಡರು. ಲೇತು, ವೆಲ್ಡಿಂಗುಗಳಿಗೆ ಹೆಸರಾದ ಕೊಯಮತ್ತೂರಿನಲ್ಲಿ ಇಂಥದನ್ನು ಮಾಡಿಕೊಡುವ ಕೈಗಳಿಗೆ ಕೊರತೆಯಿಲ್ಲ. ಗೇರು ಬದಲಿಸುವ ಗೊಡವೆಯಿಲ್ಲದ, ಗುಂಡಿಯೊತ್ತಿದರೆ ಹೊರಡುವ ಸ್ಕೂಟರುಗಳು ಮನೆಮನೆಗೆ ಬಂದ ಮೇಲಂತೂ ಕೆಲಸ ಇನ್ನಷ್ಟು ಸುಲಭವಾಯಿತು. ಜನ ಇದನ್ನು ಮೂರು ಗಾಲಿಯ ಗಾಡಿ ಎಂದೇ ಕರೆಯುತ್ತಾರೆ. ಎಣಿಸಿದರೆ ಗಾಲಿಗಳು ನಾಲ್ಕಾಗುತ್ತವೆ. ನಡುವಿನದು ತಳ್ಳುತ್ತದೆ, ಪಕ್ಕದವೆರಡು ಆತುಕೊಳ್ಳುತ್ತವೆ.

ಹೊರದೇಶಗಳಲ್ಲೂ ವಯಸ್ಸಾದ ಸವಾರರು ಇದೇ ದಾರಿ ಹಿಡಿದಿದ್ದಾರೆ. ಜರ್ಮನಿಯ ಕಾರ್ಲ್ ಬೆನ್ಸ್ 1886ರಲ್ಲಿ ಪೇಟೆಂಟು ಮಾಡಿಸಿದ ಮೋಟಾರು ಬಂಡಿಗೇ ಗಾಲಿಗಳು ಮೂರು. ಅಮೆರಿಕದ ಹಾರ್ಲೆ ಡೇವಿಡ್‌ಸನ್ ಸಂಸ್ಥೆ 1932ರಿಂದ 1973ರವರೆಗೆ ಮೂರು ಗಾಲಿಯ ಸರ್ವಿಕಾರ್ ಎಂಬ ವಾಹನವನ್ನು ಪೊಲೀಸರಿಗೂ ವರ್ಕ್‌ಶಾಪುಗಳಿಗೂ ಮಾಡಿಕೊಟ್ಟಿತು. ಮುಂದೆ ಟ್ರೈ ಗ್ಲೈಡ್ ಎಂಬ ಹೆಸರಿನ ಮೂರು ಗಾಲಿಯ ಭಾರಿ ವಾಹನವನ್ನು ಹೊರತಂದಾಗ, ದೊಡ್ಡ ಮೋಟಾರ್ ಸೈಕಲಿನ ಭಾರವನ್ನು ಕಾಲಿನಲ್ಲಿ ತಾಳಲಾರದ ಹಿರಿಯ ಸವಾರರು ಅದನ್ನು ಮೆಚ್ಚಿಕೊಂಡರು. ಇಟಲಿಯ ಪಿಯಾಜಿಯೊ 2006ರಲ್ಲಿ ತಂದ ಎಂಪಿ3 ಎಂಬ ಸ್ಕೂಟರಿನಲ್ಲಿ ಮುಂದಿನ ಎರಡು ಗಾಲಿಗಳು ತಿರುವಿನಲ್ಲಿ ಸವಾರನೊಡನೆ ತಾವೂ ವಾಲುತ್ತವೆ.

ನಮ್ಮ ಹಿರಿಯರ ಗಾಡಿ ಮಾತ್ರ ವಾಲುವುದಿಲ್ಲ. ಇದನ್ನು ಮನೆಯವರೆಲ್ಲ ಅರಿತಿರಬೇಕು. ದಿಂಬಂ ಘಟ್ಟದ ತಿರುವಿನಲ್ಲಿ ದ್ವಿಚಕ್ರದ ಸವಾರ ತನಗರಿವಿಲ್ಲದೆಯೇ ಒಳಮಗ್ಗುಲಿಗೆ ವಾಲುತ್ತಾನೆ. ಆ ವಾಲುವಿಕೆಯೇ ಅವನನ್ನು ಕಾಪಾಡುತ್ತದೆ. ಪಕ್ಕದ ಗಾಲಿಯ ಗಾಡಿ ನೆಟ್ಟಗೆ ನಿಂತೇ ತಿರುಗುವುದರಿಂದ ಮೈ ಹೊರಮಗ್ಗುಲಿಗೆ ಎಳೆದಂತಾಗುತ್ತದೆ. ವೇಗ ಹೆಚ್ಚಿದ್ದರೆ ಒಳಗಿನ ಗಾಲಿ ನೆಲ ಬಿಟ್ಟೇಳುತ್ತದೆ. ಆದುದರಿಂದ ತಿರುವಿಗೆ ಮೊದಲೇ ವೇಗವನ್ನಿಳಿಸಿ, ಹ್ಯಾಂಡಲನ್ನು ಆಟೋರಿಕ್ಷಾದವರಂತೆ ತಿರುಗಿಸಬೇಕು. ನಲವತ್ತು ವರ್ಷ ಎರಡು ಗಾಲಿ ಓಡಿಸಿದವರಿಗೆ ಇದೇ ಕಷ್ಟ. ನೆಗಮಂನ ಒಬ್ಬ ಹಿರಿಯರು ಬೆಳಗಿನ ಹೊತ್ತು ಶಾಲೆಯ ಬಯಲಿನಲ್ಲಿ ಒಂದು ವಾರ ಸುತ್ತು ಹೊಡೆದು ಕಲಿತರಂತೆ. ಗುರು ಅವರ ಮೊಮ್ಮಗಳು!

ಇನ್ನೂ ಕೆಲವು ಸಂಗತಿಗಳಿವೆ. ಎರಡು ಗಾಲಿಯ ವಾಹನ ಗುಂಡಿಯ ಪಕ್ಕದಲ್ಲಿ ನುಸುಳಿಕೊಂಡು ಹೋಗುತ್ತದೆ; ಇದರ ಅಗಲಕ್ಕೆ ಅದು ಸಾಧ್ಯವಿಲ್ಲ. ಪಕ್ಕದ ಗಾಲಿಗಳೆರಡೂ ದಿಬ್ಬದ ಮೇಲಿದ್ದು ನಡುವಿನ ಗಾಲಿ ತಗ್ಗಿನ ಮೇಲೆ ತೂಗಿದರೆ, ಗಾಡಿ ಮುಂದಕ್ಕೂ ಹೋಗದು, ಹಿಂದಿನ ಬ್ರೇಕೂ ಹಿಡಿಯದು. ಏಕೆಂದರೆ ಹಲವು ಜೋಡಣೆಗಳಲ್ಲಿ ಪಕ್ಕದ ಗಾಲಿಗಳಿಗೆ ಬ್ರೇಕು ಇರುವುದಿಲ್ಲ. ಬೋಲ್ಟುಗಳು ಸಡಿಲವಾಗುತ್ತವೆ, ಬೆಸುಗೆ ಬಿರಿಯುತ್ತದೆ, ತಿಂಗಳಿಗೊಮ್ಮೆ ನೋಡಿಸಬೇಕು. ಆದರೆ ಒಂದು ಉಪಕಾರವನ್ನು ಹೇಳದಿದ್ದರೆ ಅನ್ಯಾಯವಾದೀತು. ಆಷಾಢದಲ್ಲಿ ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿ ಪೊಳ್ಳಾಚಿ, ಉಡುಮಲೈಪೇಟೆ, ಪಲ್ಲಡಂಗಳ ಬಯಲಿನಲ್ಲಿ ಗಾಳಿಯಂತ್ರಗಳನ್ನು ತಿರುಗಿಸುವಷ್ಟೇ ಬಲವಾಗಿ ಹಗುರವಾದ ಮೊಪೆಡ್ಡನ್ನೂ ತಳ್ಳುತ್ತದೆ. ಆ ಗಾಳಿಗೆ ಹೆದರಿ ಆಷಾಢವಿಡೀ ಮನೆಯಲ್ಲಿ ಕೂರುತ್ತಿದ್ದವರು ಈಗ ಮೆಲ್ಲಗೆ ಹೋಗಿಬರುತ್ತಾರೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪುಸ್ತಕದಲ್ಲಿರುವ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ಮನಬಂದಂತೆ ಮಾರ್ಪಡಿಸುವ ಹಾಗಿಲ್ಲ. ದೈಹಿಕ ನ್ಯೂನತೆಯುಳ್ಳವರ ಬಳಕೆಗೆಂದು ಮಾರ್ಪಡಿಸಿದ ವಾಹನಕ್ಕೆ 2019ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಅದಕ್ಕೂ ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು. ಬರಿಯ ವಯಸ್ಸನ್ನು ಕಾನೂನು ನ್ಯೂನತೆಯೆಂದು ಎಣಿಸಿಲ್ಲ. ಆದುದರಿಂದ ಮೊಣಕಾಲಿನ ಸ್ಥಿತಿಯನ್ನು ವೈದ್ಯರಿಂದ ಬರೆಯಿಸಿಕೊಂಡು, ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ವಿಮಾ ಸಂಸ್ಥೆಗೂ ತಿಳಿಸುವುದು ಕ್ಷೇಮ. ಇಲ್ಲವಾದರೆ ಅಪಘಾತವಾದ ದಿನ ವಿಮೆಯ ಹಣಕ್ಕೆ ತಕರಾರು ಎದ್ದೀತು. ಅದೇ ತಿದ್ದುಪಡಿಯ ಮೇರೆಗೆ 55 ವರ್ಷ ದಾಟಿದವರ ಚಾಲನಾ ಪರವಾನಗಿ ಒಂದು ಸಲಕ್ಕೆ 5 ವರ್ಷ ಮಾತ್ರ ನಡೆಯುತ್ತದೆ. ಇದನ್ನು ಕಿರುಕುಳವೆಂದು ಗೊಣಗುವವರಿದ್ದಾರೆ. ಕಣ್ಣನ್ನೂ ಕಿವಿಯನ್ನೂ ತೋರಿಸಿಕೊಳ್ಳಲು ಅದೊಂದು ನೆಪವೆಂದು ಭಾವಿಸುವುದು ಮೇಲು. ಮಂಜಾದ ಕಣ್ಣಿಗೆ ಎಷ್ಟು ಗಾಲಿ ಜೋಡಿಸಿದರೂ ಪ್ರಯೋಜನವಿಲ್ಲವಷ್ಟೆ.

ಕಾನೂನಿಗಿಂತ ಗಟ್ಟಿಯಾದ ತಡೆ ಸಂಕೋಚ. "ಅದು ಕುಂಟರ ಗಾಡಿ, ನನಗೇಕೆ?" ಎಂದವರನ್ನು ಎರಡು ಮೂರು ಊರುಗಳಲ್ಲಿ ಕಂಡೆವು. ಆ ಮಾತು ಕಾಲಿಲ್ಲದವರಿಗೂ ಅವಮಾನ, ಆಡಿದವರಿಗೂ ನಷ್ಟ. ಕಣ್ಣಿಗೆ ಕನ್ನಡಕ ಹಾಕಿಕೊಂಡವರನ್ನು ಯಾರೂ ಕುರುಡರೆನ್ನುವುದಿಲ್ಲ. ಇನ್ನು ಕೆಲವು ಮನೆಗಳಲ್ಲಿ ಹಿರಿಯರು ಒಪ್ಪಿದರೂ ಮಕ್ಕಳು ಒಪ್ಪುವುದಿಲ್ಲ: "ಅಪ್ಪಾ, ಆಟೋದಲ್ಲಿ ಹೋಗಿ, ಕಾಸು ನಾನು ಕೊಡ್ತೀನಿ." ಪ್ರೀತಿಯ ಮಾತೇ ಸರಿ. ಆದರೆ ಆಟೋಗೆ ಮಗನ ಕೈ ನೋಡಬೇಕು. ಹೋಗುವ ಕಾರಣ ಹೇಳಬೇಕು. ಕಾರಣವೇ ಇಲ್ಲದೆ ಹಳೆಯ ಗೆಳೆಯನ ಜಗಲಿಗೆ ಹೋಗಿ ಕೂರುವ ಸುಖಕ್ಕೆ ಯಾರ ಹತ್ತಿರ ಕಾಸು ಕೇಳುವುದು?

ಈ ಪ್ರಶ್ನೆ ನಮ್ಮಂಥ ಗಡಿಯಾಚೆಯ ಸಂಸಾರಗಳಿಗೆ ಇನ್ನೂ ಹತ್ತಿರದ್ದು. ಕೊಂಗುನಾಡಿನ ನಮ್ಮ ಮನೆಗಳಲ್ಲಿ ಕನ್ನಡ ಅಕ್ಷರ ಬಲ್ಲವರು ವಿರಳ. ಭಾಷೆ ಉಳಿದಿರುವುದು ಬಾಯಿಂದ ಬಾಯಿಗೆ. ಮಕ್ಕಳು ಒಬ್ಬರೊಡನೊಬ್ಬರು ತಮಿಳಿನಲ್ಲೇ ಆಡುತ್ತಾರೆ, ಅದು ಸಹಜ. ಇಬ್ಬರು ಹಿರಿಯರು ಎದುರುಬದುರು ಕೂತಾಗ ಕನ್ನಡ ತಾನಾಗಿ ಹೊರಡುತ್ತದೆ: ಮಗ್ಗದ ಮಾತು, ಹಳೆಯ ಸಂಬಂಧಗಳ ಲೆಕ್ಕ, ವಿಜಯದಶಮಿಯಲ್ಲಿ ಚೌಡೇಶ್ವರಿಗೆ ನಡೆಯುವ ಅಲಗು ಸೇವೆಯ ವಿಚಾರ. ಪಕ್ಕದಲ್ಲಿ ಕೂತ ಮೊಮ್ಮಕ್ಕಳ ಕಿವಿಗೆ ಬೀಳುವ ಕನ್ನಡ ಬಹುಮಟ್ಟಿಗೆ ಅದೇ. ಹಿರಿಯರ ಓಡಾಟ ನಿಂತರೆ ಒಂದೊಂದು ಮನೆಯಲ್ಲೂ ಒಬ್ಬೊಬ್ಬರೇ ಕನ್ನಡ ಬಲ್ಲವರಾಗಿ ಉಳಿದು, ಆಡಲು ಜೊತೆಯಿಲ್ಲದೆ ಸುಮ್ಮನಾಗುತ್ತಾರೆ. ಉಡುಮಲೈಪೇಟೆಯ ಒಂದು ಮದುವೆಮನೆಯ ಹೊರಗೆ ಇಂಥ ಗಾಡಿಗಳು ಆರೇಳು ಒಟ್ಟಿಗೆ ನಿಂತಿದ್ದುದನ್ನು ನೋಡಿದೆವು. ಒಳಗೆ ಅವುಗಳ ಒಡೆಯರು ಊಟ ಮುಗಿದು ಗಂಟೆ ಎರಡಾದರೂ ಎದ್ದಿರಲಿಲ್ಲ.

ನಮ್ಮ ವಾಚಕರಲ್ಲಿ ಅನೇಕರಿಗೆ ಆ ಕಡೆ ಮಾವನೋ ಸೋದರತ್ತೆಯೋ ಇದ್ದಾರು. ಮುಂದಿನ ಸಲ ಹೋದಾಗ ಅವರು ಹೇಗೆ ಓಡಾಡುತ್ತಿದ್ದಾರೆಂದು ವಿಚಾರಿಸಿ. ಎರಡು ಗಾಲಿಯಲ್ಲೇ ತಡವರಿಸುತ್ತಿದ್ದರೆ, ಬೀಗವನ್ನು ಕಸಿದುಕೊಳ್ಳುವ ಮೊದಲು ಇನ್ನೆರಡು ಗಾಲಿಯ ಮಾತೆತ್ತಿ. ಕಲಿಯುವ ಒಂದು ವಾರ ಯಾರಾದರೂ ಜೊತೆಗಿರಿ. ಹಾಗೆ ಗಾಲಿ ಹಾಕಿಸಿಕೊಂಡ ಹಿರಿಯರು ನಿಮ್ಮ ಬಾಗಿಲಿಗೆ ಬಂದ ದಿನ, ಗಾಡಿಯ ಸುತ್ತ ಒಮ್ಮೆ ನಡೆದು ಬೋಲ್ಟು ಬಿಗಿಯಾಗಿದೆಯೇ ನೋಡಿ, ಆಮೇಲೆ ಕನ್ನಡದಲ್ಲೇ ಒಳಗೆ ಕರೆಯಿರಿ.