ತಂದೆಯವರ ಜಾವಾ

ತಿರ್ಲಾಪುರದ ನಮ್ಮ ಹಿತ್ತಲಲ್ಲಿ, ತಗಡಿನ ನೆರಳಿನಲ್ಲಿ, ಲಿಂಗೈಕ್ಯರಾದ ತಂದೆಯವರ ಜಾವಾ ಬೈಕು ಹಲವು ವರ್ಷ ಸುಮ್ಮನೆ ನಿಂತಿತ್ತು. 1961ರಲ್ಲಿ ಉತ್ಪಾದನೆ ಆರಂಭಿಸಿ 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ ಅದು. ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಗೇರು ಬದಲಿಸುವ ದಂಡವೇ ಕಿಕ್ ಹೊಡೆಯುವ ದಂಡವೂ ಹೌದು. ಅಂತಹ ಜಾಣ್ಮೆಯನ್ನು ಈಗಿನ ಬೈಕುಗಳಲ್ಲಿ ನಾನು ಕಾಣೆ.

ಆ ಕಾಲದ ಬಿಡಿಭಾಗಗಳಿಂದಲೇ ಅದನ್ನು ಮೊದಲಿನಂತೆ ಮಾಡಿಸಬೇಕೆಂಬ ಹಟ ನನ್ನದು. "ಅಪ್ಪಾ, 12 ವೋಲ್ಟಿನ ವೈರಿಂಗ್ ಮಾಡಿಸೋಣು, ಬೆಳಕು ಚಲೋ ಬರ್ತೈತಿ" ಎಂದ ಮಗ. ಸುಳ್ಳಲ್ಲ, 6 ವೋಲ್ಟಿನ ದೀಪ ಮಂಕೇ. ಆದರೂ ಒಪ್ಪಲಿಲ್ಲ. ಟಾಕಿಯ ಇಕ್ಕೆಲದ ಮೊಣಕಾಲು ರಬ್ಬರುಗಳಿಗಾಗಿ ಹುಬ್ಬಳ್ಳಿಯ ಗುಜರಿ ಅಂಗಡಿಗಳನ್ನು ನಾಲ್ಕು ಸಲ ಸುತ್ತಿದೆ.

ತೊಡಕಾದದ್ದು ಹಿಂದಿನ ಕ್ಯಾರಿಯರ್. ಅದು ಕಾರ್ಖಾನೆಯದಲ್ಲ, ಹತ್ತಿಬೀಜದ ಚೀಲ ತರಲೆಂದು ತಂದೆಯವರು ನವಲಗುಂದದಲ್ಲಿ ವೆಲ್ಡಿಂಗ್ ಮಾಡಿಸಿದ್ದು. "ಅಸಲಿ ಬೇಕಂದ್ರ ಇದನ್ನ ತಗೀಬೇಕ್ರಿ" ಎಂದರು ಮಿಸ್ತ್ರಿ. ಲೆಕ್ಕಕ್ಕೆ ಅವರ ಮಾತೇ ಸರಿ. ಅಷ್ಟರಲ್ಲಿ ತಾಯಿಯವರು ಹೊರಬಂದು ಅದರ ಮೇಲೆ ಕೈಯಾಡಿಸಿ, "ನಿನ್ನ ಬೋರ್ಡಿಂಗಿಗೆ ಬಿಡಾಕ ಹೋದಾಗ ಟ್ರಂಕು ಇದರ ಮ್ಯಾಲೇ ಕಟ್ಟಿದ್ರು" ಎಂದರು.

ಮಿಸ್ತ್ರಿ ಪಾನಾ ಕೆಳಗಿಟ್ಟರು. ಕ್ಯಾರಿಯರಿಗೆ ಬಣ್ಣವನ್ನಷ್ಟೇ ಹಚ್ಚಿಸಿದೆ. ಸೈಲೆನ್ಸರುಗಳ ಕ್ರೋಮ್ ಲೇಪ ಇನ್ನೂ ಬಾಕಿಯಿದೆ.