ಸದ್ದಿನ ಜಾಡು ಹಿಡಿಯುವ ಬೀದಿ

ಬೆಂಗಳೂರಿನ ಹಳೆಯ ಬೀದಿಗಳಲ್ಲಿ ಒಂದೊಂದಕ್ಕೂ ಒಂದೊಂದು ವಾಸನೆ ಉಂಟು. ಅವೆನ್ಯೂ ರಸ್ತೆಗೆ ಹಳೆಯ ಪುಸ್ತಕಗಳ ವಾಸನೆ. ಚಿಕ್ಕಪೇಟೆಗೆ ಮಡಿಕೆ ಬಿಚ್ಚದ ಹೊಸ ಸೀರೆಯ ವಾಸನೆ. ಕೃಷ್ಣರಾಜ ಮಾರುಕಟ್ಟೆಗೆ ಒದ್ದೆಯಾದ ಹೂವಿನ ವಾಸನೆ. ಅಲ್ಲಿಂದ ತುಸು ದೂರದಲ್ಲಿರುವ ಜೆ. ಸಿ. ರಸ್ತೆಗೆ ಬಂದರೆ ರಬ್ಬರು, ಗ್ರೀಸು, ರೆಕ್ಸಿನ್‌ಗಳ ವಾಸನೆ ಮೂಗಿಗೆ ಹತ್ತುತ್ತದೆ. ಆದರೆ ಈ ಬೀದಿಯನ್ನು ನಿಜವಾಗಿ ಅರಿಯಬೇಕಾದವರು ಮೂಗಿಗಿಂತ ಹೆಚ್ಚಾಗಿ ಕಿವಿಯನ್ನು ತೆರೆದಿಟ್ಟುಕೊಳ್ಳಬೇಕು.

ರಸ್ತೆಯ ಪೂರ್ಣ ನಾಮಧೇಯ ಜಯಚಾಮರಾಜೇಂದ್ರ ರಸ್ತೆ. ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರು ಸಂಗೀತಗಾರರು. ‘ಶ್ರೀವಿದ್ಯಾ’ ಅಂಕಿತದಲ್ಲಿ ಅವರು ರಚಿಸಿದ ಕೃತಿಗಳ ಸಂಖ್ಯೆ 94. ಪಾಶ್ಚಾತ್ಯ ಸಂಗೀತದಲ್ಲಿಯೂ ಅವರಿಗೆ ಅಷ್ಟೇ ಪರಿಶ್ರಮವಿತ್ತು. ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರಾಸ್ ತನ್ನ ಬಾಳಿನ ಸಂಜೆಯಲ್ಲಿ ರಚಿಸಿದ ನಾಲ್ಕು ಗೀತೆಗಳು 1950ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಮೊತ್ತಮೊದಲು ಕೇಳಿಬಂದಾಗ, ಆ ಕಚೇರಿಗೆ ಧನದ ಆಸರೆ ನೀಡಿದವರು ಈ ಮಹಾರಾಜರೇ. ಅಂಥ ನಾದಪ್ರಿಯರ ಹೆಸರು ಹೊತ್ತ ರಸ್ತೆಯ ಒಂದು ತುದಿಯಲ್ಲಿ 1935ರ ಪುರಭವನ ತನ್ನ ಎತ್ತರದ ಕಂಬಗಳೊಡನೆ ನಿಂತಿದೆ. ಅದರ ಬಳಿಯಲ್ಲೇ 1963ರಲ್ಲಿ ಪ್ರಾರಂಭವಾದ ರವೀಂದ್ರ ಕಲಾಕ್ಷೇತ್ರ. ಇನ್ನೊಂದು ತುದಿ ಮಿನರ್ವ ವೃತ್ತ. ನಡುವಿನ ಉದ್ದಕ್ಕೂ ಮೋಟಾರು ಬಿಡಿಭಾಗಗಳ ಅಂಗಡಿಗಳು. ಕಲಾಸಿಪಾಳ್ಯದ ಕಡೆಯ ಓಣಿಗಳಲ್ಲಿ ಸಣ್ಣ ಸಣ್ಣ ಕಮ್ಮಟಗಳು. ಯಾವ ಹೊತ್ತಿನಲ್ಲಿ ಬಂದರೂ ಹಾರನ್ನಿನ ಕೂಗು, ಸುತ್ತಿಗೆಯ ಪೆಟ್ಟು, ಬೋಣಿಗೆಯ ಕಾಲದ ಚೌಕಾಸಿಯ ಮಾತು. ಈ ಗದ್ದಲದ ಮಧ್ಯೆ ಕುಳಿತು ಕಾರಿನೊಳಗಿನ ಎಳ್ಳಿನಷ್ಟು ಸದ್ದನ್ನು ಹುಡುಕಿ ತೆಗೆಯುವವರಿದ್ದಾರೆ ಎಂದರೆ ಹೊಸಬರು ನಂಬಲಾರರು.

ಕಾರಿನ ಸದ್ದು ಸಣ್ಣ ವಿಷಯವೆಂದು ಕಾರಿಲ್ಲದವರು ನಗಬಹುದು. ದಿನವೂ ಹತ್ತು ಗಂಟೆ ಅದರೊಳಗೆ ಕೂರುವವನಿಗೆ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಅಡಕೆಯ ಚೂರಿನಂತೆ. ನೋವಿಲ್ಲ, ಆದರೆ ಮನಸ್ಸು ಬೇರೆಲ್ಲಿಗೂ ಹೋಗಗೊಡದು.

ಸದ್ದಿನ ಎರಡು ಕುಲ

ಇಂಥ ಸದ್ದುಗಳನ್ನು ಬಣ್ಣಿಸುವುದರಲ್ಲಿ ಕನ್ನಡಕ್ಕೆ ಬಡತನವಿಲ್ಲ. ಕಟಕಟ, ಲೊಡಲೊಡ, ಗಿರಗಿರ, ಗಡಗಡ, ಕಿರ್ರ್, ಟಣ್ – ವ್ಯಾಕರಣಕಾರರು ಅನುಕರಣಾವ್ಯಯವೆಂದು ಕರೆಯುವ ಈ ಮಾತುಗಳೇ ಓಣಿಯ ಮೇಸ್ತ್ರಿಗೆ ರೋಗಲಕ್ಷಣಗಳು. ‘ಲೊಡಲೊಡ’ ಎಂದರೆ ಸಡಿಲವಾದ ದೊಡ್ಡ ವಸ್ತು; ‘ಗಿರಗಿರ’ ಎಂದರೆ ತೆಳುವಾದ ತಗಡು; ‘ಟಿಕ್ ಟಿಕ್’ ಎಂದರೆ ಪ್ಲಾಸ್ಟಿಕ್ಕು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದವನ್ನು ಒಂದು ದ್ರವ್ಯವೆಂದು ಕರೆದು ಅದಕ್ಕೆ ಬಿಳಿಯ ಬಣ್ಣವನ್ನೂ ಹೇಳಿದ. ಅವನು ಹೇಳಿದ್ದು ಮಾತಿನ ವಿಷಯವಾದರೂ, ಸದ್ದನ್ನು ಕೈಯಿಂದ ಮುಟ್ಟಿ ಹುಡುಕುವ ಈ ಮೇಸ್ತ್ರಿಗಳನ್ನು ಕಂಡಾಗ ಅದು ನೆನಪಾಗದಿರದು.

ಸ್ಥೂಲವಾಗಿ ಈ ಸದ್ದುಗಳಲ್ಲಿ ಎರಡು ಕುಲ. ಎರಡು ವಸ್ತುಗಳ ನಡುವೆ ಕೂದಲೆಳೆಯಷ್ಟು ಎಡೆಯಿದ್ದು, ಗಾಡಿ ಕುಲುಕಿದಾಗ ಒಂದು ಇನ್ನೊಂದನ್ನು ಬಡಿದರೆ ಹುಟ್ಟುವುದು ಕಟಕಟ. ಎಡೆಯೇ ಇಲ್ಲದೆ ಎರಡೂ ಅಂಟಿಕೊಂಡಿದ್ದು, ಒಂದಿಷ್ಟು ಹಿಡಿದು ಒಂದಿಷ್ಟು ಜಾರಿ, ಮತ್ತೆ ಹಿಡಿದು ಮತ್ತೆ ಜಾರಿದರೆ ಹುಟ್ಟುವುದು ಕಿರ್ರ್ ಎಂಬ ಕೀರಲು. ಪಿಟೀಲಿನ ತಂತಿಯ ಮೇಲೆ ಕಮಾನು ಆಡುವಾಗ ನಾದ ಹೊರಡುವುದೂ ಇದೇ ತತ್ತ್ವದಿಂದ. ಎರಡರ ಚಿಕಿತ್ಸೆಯೂ ಬೇರೆ. ಕಟಕಟಕ್ಕೆ ಎಡೆಯನ್ನು ತುಂಬಬೇಕು, ಇಲ್ಲವೆ ತಿರುಪನ್ನು ಬಿಗಿಮಾಡಬೇಕು. ಕೀರಲಿಗೆ ಬಿಗಿಮಾಡಿದರೆ ಕೂಗು ಇನ್ನೂ ಹೆಚ್ಚೀತು. ಅಲ್ಲಿ ಎರಡನ್ನೂ ಬೇರ್ಪಡಿಸಿ ನಡುವೆ ಬಟ್ಟೆಯನ್ನೋ ಫೆಲ್ಟನ್ನೋ ಕೂರಿಸಬೇಕು. ಬಾಗಿಲ ರಬ್ಬರು ಬೀಡಿಂಗು ಕಿರುಗುಟ್ಟಿದರೆ ಸಿಲಿಕೋನ್ ಗ್ರೀಸು ಸವರಬೇಕೇ ಹೊರತು ಇಂಜಿನ್ ಎಣ್ಣೆಯನ್ನಲ್ಲ. ಆ ಎಣ್ಣೆಗೆ ರಬ್ಬರು ಉಬ್ಬಿ ಕೆಡುತ್ತದೆ.

ಬಿಸಿಲಿಗೂ ಇದರಲ್ಲಿ ಪಾಲುಂಟು. ಒಂದು ಮೀಟರ್ ಉದ್ದದ ಉಕ್ಕು 40 ಡಿಗ್ರಿ ಹೆಚ್ಚಿಗೆ ಕಾದರೆ ಬೆಳೆಯುವುದು ಸುಮಾರು ಅರ್ಧ ಮಿಲಿಮೀಟರ್. ಕಾರಿನ ಪ್ಲಾಸ್ಟಿಕ್ಕು ಎರಡು ಮೂರು ಮಿಲಿಮೀಟರ್ ಬೆಳೆದೀತು. ಒಂದಕ್ಕೊಂದು ಬಂಧಿಸಿದ ಈ ಇಬ್ಬರ ನಡಿಗೆ ಒಂದೇ ಅಲ್ಲವಾದ್ದರಿಂದ ಬೆಳಗಿನ ಚಳಿಯಲ್ಲಿ ಕೂಗುವ ಕಾರು ಮಧ್ಯಾಹ್ನ ಮೌನವಾಗುವುದೂ, ಮಧ್ಯಾಹ್ನ ಕೂಗುವುದು ರಾತ್ರಿ ಸುಮ್ಮನಾಗುವುದೂ ಉಂಟು.

ಹಿಂದಿನ ಕಾಲದ ಗಾಡಿಗಳಲ್ಲಿ ಈ ಗೋಳು ಇರಲಿಲ್ಲವೆಂದಲ್ಲ. 2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರಿನ ಮೇಲೆ ಒಂದು ಹಳೆಯ ಹಾಸ್ಯವಿದೆ – ಅದರಲ್ಲಿ ಹಾರನ್ ಒಂದನ್ನು ಬಿಟ್ಟು ಮಿಕ್ಕೆಲ್ಲವೂ ಸದ್ದು ಮಾಡುತ್ತವೆಯಂತೆ! ಆದರೆ ಅದರ ಇಂಜಿನ್ನಿನ ಆರ್ಭಟದಲ್ಲಿ ಸಣ್ಣಪುಟ್ಟ ಸದ್ದುಗಳು ಮುಳುಗಿಹೋಗುತ್ತಿದ್ದುವು. ಈಗ ಇಂಜಿನ್ ಮೆದುವಾಗಿದೆ. ವಿದ್ಯುತ್ ಕಾರುಗಳಲ್ಲಂತೂ ಇಂಜಿನ್ನೇ ಇಲ್ಲ. 2001ರಲ್ಲಿ ಬೆಂಗಳೂರಿನಲ್ಲಿಯೇ ತಯಾರಾಗಿ ಮಾರಾಟಕ್ಕೆ ಬಂದ ಪುಟ್ಟ ‘ರೇವಾ’ದಿಂದ ಮೊದಲಾಗಿ, ಇಂದಿನ ದೊಡ್ಡ ವಿದ್ಯುತ್ ಕಾರುಗಳವರೆಗೆ ಇದೇ ಮಾತು. ದೊಡ್ಡ ಸದ್ದು ಅಡಗಿದ ಮನೆಯಲ್ಲಿ ಗಡಿಯಾರದ ಸದ್ದೂ ದೊಡ್ಡದೇ.

ಮೊದಲು ಯಾವಾಗ, ಆಮೇಲೆ ಎಲ್ಲಿ

ಓಣಿಯ ಒಂದು ಕಮ್ಮಟದಲ್ಲಿ ನಡೆದ ಸಂಗತಿಯೊಂದನ್ನು ನೋಡಿದರೆ ಈ ವಿದ್ಯೆಯ ಬಗೆ ತಿಳಿಯುತ್ತದೆ. ಮದ್ದೂರು ಕಡೆಯ ಬಾಡಿಗೆ ಕಾರಿನ ಚಾಲಕನೊಬ್ಬ ಬೆಳಗಿನ ಹನ್ನೊಂದರ ಹೊತ್ತಿಗೆ ಬಂದು ನಿಂತ. ಕಾರಿನ ಮೇಲೆ ಸಾಲವಿತ್ತು. ರಾತ್ರಿ ಮಡಿಕೇರಿಗೆ ಒಂದು ಕುಟುಂಬವನ್ನು ಕರೆದೊಯ್ಯಬೇಕಿತ್ತು. ಹಿಂದಿನಿಂದ ಬರುವ ಸದ್ದಿಗೆ ಗಿರಾಕಿಗಳು ಮುಖ ಗಂಟಿಕ್ಕುತ್ತಿದ್ದರು. ಬೇರೊಂದು ಕಡೆ ತೋರಿಸಿದ್ದಕ್ಕೆ ಹಿಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳನ್ನೂ ಬದಲಿಸಿ ಹಣ ಎಣಿಸಿಕೊಂಡಿದ್ದರು. ಸದ್ದು ಮಾತ್ರ ಹಾಗೆಯೇ ಉಳಿದಿತ್ತು.

“ಮೇಸ್ತ್ರೀ, ಹಿಂದ್ಗಡೆಯಿಂದ ಕಟಕಟ ಅಂತದೆ. ಎಲ್ಲಿಂದ ಬತ್ತದೆ ಅಂತಾನೇ ಗೊತ್ತಾಯ್ತಿಲ್ಲ.”

ನರೆತ ಗಡ್ಡದ ಮೇಸ್ತ್ರಿ ಕಾರನ್ನು ಮುಟ್ಟಲಿಲ್ಲ. “ಎಲ್ಲಿಂದ ಅನ್ನೋದು ಇರ್ಲಿ ಬಿಡಪ್ಪ. ಯಾವಾಗ ಬರ್ತದೆ, ಅದು ಹೇಳು” ಎಂದರು.

ಹಂಪ್ ಹತ್ತುವಾಗಲೋ, ತಿರುವಿನಲ್ಲೋ? ಬ್ರೇಕ್ ಒತ್ತಿದಾಗಲೋ? ಬೆಳಿಗ್ಗೆಯೋ, ಬಿಸಿಲೇರಿದ ಮೇಲೋ? ಜನ ಕೂತಾಗಲೋ, ಖಾಲಿ ಇದ್ದಾಗಲೋ? ಚಾಲಕ ಒಂದೊಂದಕ್ಕೂ ಯೋಚಿಸಿ ಉತ್ತರ ಕೊಟ್ಟ. ಕೊನೆಯ ಪ್ರಶ್ನೆಗೆ ಮಾತ್ರ ಅವನಿಗೆ ಯೋಚನೆ ಬೇಕಾಗಲಿಲ್ಲ.

“ಖಾಲಿ ಇದ್ರೆ ಜಾಸ್ತಿ. ಹಿಂದೆ ಮೂರು ಜನ ಒರಗಿ ಕೂತ್ರೆ ನಿಂತೋಯ್ತದೆ.”

ಮೇಸ್ತ್ರಿ ತಲೆಯಾಡಿಸಿದರು. ಅರ್ಧ ಕೆಲಸ ಅಲ್ಲಿಗೇ ಮುಗಿದಂತಾಯಿತು. ಆದರೂ ಅವರು ಕ್ರಮ ತಪ್ಪಲಿಲ್ಲ. ಮೊದಲು ಕಾರನ್ನು ಬರಿದುಮಾಡಿಸಿದರು: ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿದ್ದ ಕನ್ನಡಕದ ಗೂಡು, ಬಾಗಿಲ ಜೇಬಿನ ನೀರಿನ ಬಾಟಲಿ, ಚಿಲ್ಲರೆ ಕಾಸು, ಡಿಕ್ಕಿಯಲ್ಲಿದ್ದ ಜಾಕಿ ಮತ್ತು ಸ್ಪ್ಯಾನರು. ಸದ್ದಿಗೆಂದು ಬರುವ ಕಾರುಗಳಲ್ಲಿ ಎಷ್ಟೋ ಈ ಹಂತದಲ್ಲಿಯೇ ವಾಸಿಯಾಗಿ ಹಿಂದಿರುಗುತ್ತವೆ. ಸ್ಟೆಪ್ನಿಯ ತಿರುಪು ಬಿಗಿಯಾಗಿದೆಯೇ ಎಂದು ನೋಡಿದರು. ಸೀಟ್‌ಬೆಲ್ಟಿನ ಬಕ್ಕಲು ಪಕ್ಕದ ಪ್ಲಾಸ್ಟಿಕ್ಕಿಗೆ ಬಡಿಯದಂತೆ ಸಿಕ್ಕಿಸಿದರು. ಗಾಳಿಯಂತ್ರವನ್ನೂ ರೇಡಿಯೋವನ್ನೂ ನಿಲ್ಲಿಸಿ, ಗಾಜು ಏರಿಸಿ, ಒಬ್ಬ ಹುಡುಗನನ್ನು ಹಿಂದೆ ಕೂರಿಸಿಕೊಂಡು ಹಳ್ಳಬಿದ್ದ ಓಣಿಯಲ್ಲಿ ನಡೆಯುವ ವೇಗಕ್ಕೆ ಕಾರು ಓಡಿಸಿದರು.

ಕಾರಿನೊಳಗೆ ಸದ್ದು ಕೇಳಿಸುವ ಸ್ಥಳವೇ ಬೇರೆ, ಹುಟ್ಟುವ ಸ್ಥಳವೇ ಬೇರೆ. ಗಾಜಿಗೂ ಛಾವಣಿಗೂ ತಗುಲಿ ಅದು ತಿರುಗಿ ಬರುತ್ತದೆ. ತಗಡಿನ ಮೂಲಕ ಹರಿದು ಮಾರು ದೂರದಲ್ಲಿ ಹೊರಡುತ್ತದೆ. ಆದ್ದರಿಂದ ಮೇಸ್ತ್ರಿಯ ಹುಡುಗ ಕಿವಿಯಷ್ಟನ್ನೇ ನಂಬದೆ ಅಂಗೈಯಿಂದ ಒಂದೊಂದೇ ಭಾಗವನ್ನು ಒತ್ತಿಹಿಡಿಯುತ್ತ ಬಂದ. ಬಾಗಿಲ ಪ್ಯಾಡನ್ನು ಒತ್ತಿದ, ಸದ್ದು ನಿಲ್ಲಲಿಲ್ಲ. ಹಿಂಗಾಜಿನ ಕೆಳಗಿನ ಹಲಗೆಯನ್ನು ಒತ್ತಿದ; ನಿಲ್ಲಲಿಲ್ಲ. ಸೀಟಿನ ಒರಗನ್ನು ಎಡಮೂಲೆಯಲ್ಲಿ ಹಿಂದಕ್ಕೆ ತಳ್ಳಿದ. ತಟ್ಟನೆ ಮೌನ. ಕೈ ತೆಗೆದ, ಕಟಕಟ.

ಮಡಿಚಬಹುದಾದ ಒರಗು ಅದು. ಅದರ ಚಿಲಕದ ಕೊಕ್ಕೆ ಕಾರಿನ ಮೈಯಲ್ಲಿರುವ ಉಕ್ಕಿನ ಬಳೆಯೊಂದನ್ನು ಕಚ್ಚಿಕೊಳ್ಳುತ್ತದೆ. ಬಳೆಯ ಮೇಲಿನ ಹೊದಿಕೆ ಸವೆದು ಉಕ್ಕಿಗೆ ಉಕ್ಕು ಬಡಿಯುತ್ತಿತ್ತು. ಮೇಸ್ತ್ರಿ ಬಳೆಯ ತಿರುಪನ್ನು ಸಡಿಲಿಸಿ, ಒಂದು ನೂಲಿನಷ್ಟು ಸರಿಸಿ ಬಿಗಿದು, ಬಟ್ಟೆಯ ಟೇಪನ್ನು ಎರಡು ಸುತ್ತು ಸುತ್ತಿದರು. ಚಿಲಕ ಸರಿಯಾಗಿ ಕಚ್ಚುತ್ತದೆಯೇ ಎಂದು ಐದಾರು ಬಾರಿ ಎಳೆದು ನೋಡಿದರು. ಸದ್ದು ನಿಂತು ಚಿಲಕ ಹಿಡಿಯದಿದ್ದರೆ ಲಾಭಕ್ಕಿಂತ ಕೇಡೇ ಹೆಚ್ಚು.

ಚಾಲಕನ ಮುಖ ಅರಳಿತು. ಜೇಬಿಗೆ ಕೈ ಹಾಕಿದ. ಮೇಸ್ತ್ರಿ ಮಾತ್ರ, “ಇನ್ನೊಂದು ಸುತ್ತು ಹೋಗಿಬರೋಣ” ಎಂದರು.

ಸದ್ದಿನ ಹಿಂದಿನ ಸದ್ದು

ಎರಡನೆಯ ಸುತ್ತಿನಲ್ಲಿ ಕಾರು ಹೊಸದರಂತೆ ನಿಶ್ಶಬ್ದವಾಗಿತ್ತು. ತಿರುವಿನಲ್ಲಿ ಹಳ್ಳವೊಂದಕ್ಕೆ ಇಳಿದಾಗ, ಮುಂಭಾಗದಲ್ಲಿ, ಎಲ್ಲೋ ಆಳದಲ್ಲಿ, ‘ಟಕ್’ ಎಂದಿತು. ಮತ್ತೆ ಸುಮ್ಮನಾಯಿತು. ಇಷ್ಟು ದಿನ ಹಿಂದಿನ ಕಟಕಟದಲ್ಲಿ ಮುಳುಗಿದ್ದ ಸದ್ದು ಅದು.

“ಇದು ಒಳಗಿನದ್ದಲ್ಲ” ಎಂದರು ಮೇಸ್ತ್ರಿ.

ಮುಂದಿನ ಎಡಚಕ್ರವನ್ನು ಜಾಕಿಯಿಂದ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಿದರು. ಚಕ್ರ ಕಣ್ಣಿಗೆ ಕಾಣುವಷ್ಟು ತೂಗಿತು. ಚಕ್ರವನ್ನು ಕೆಳತೋಳಿಗೆ ಕಟ್ಟಿಹಾಕುವ ಬಾಲ್ ಜಾಯಿಂಟು ಸವೆದುಹೋಗಿತ್ತು. ಅದರ ರಬ್ಬರು ಹರಿದು, ಗ್ರೀಸು ಬತ್ತಿ, ಒಳಗೆ ಮಣ್ಣು ಸೇರಿತ್ತು. ಅದು ಕಳಚಿಕೊಂಡ ದಿನ ಚಕ್ರ ಒಂದು ಕಡೆಗೆ ಮಗುಚಿ ಕಾರು ಚಾಲಕನ ಅಂಕೆ ತಪ್ಪುತ್ತದೆ. ಊರೊಳಗಿನ ನಿಧಾನದ ಸಂಚಾರದಲ್ಲಾದರೆ ಒಂದು ಮಾತು. ಮಡಿಕೇರಿಯ ತಿರುವಿನಲ್ಲಿ, ರಾತ್ರಿ, ಮಕ್ಕಳನ್ನು ಕೂರಿಸಿಕೊಂಡಿರುವಾಗ ಬೇರೆಯೇ ಮಾತು.

ಚಾಲಕ ಬಹಳ ಹೊತ್ತು ಆ ಚಕ್ರವನ್ನು ನೋಡುತ್ತ ನಿಂತಿದ್ದ. ಶಾಕ್ ಅಬ್ಸಾರ್ಬರಿಗೆ ಸುರಿದ ಹಣ ನೆನಪಾಯಿತೋ, ರಾತ್ರಿಯ ಪ್ರಯಾಣ ನೆನಪಾಯಿತೋ ಅವನು ಹೇಳಲಿಲ್ಲ. “ಹಾಡು ಜೋರಾಗಿ ಹಾಕ್ಕೊಂಡು ಓಡಿಸ್ತಿದ್ದೆ, ಮೇಸ್ತ್ರೀ” ಎಂದಷ್ಟೇ ಹೇಳಿದ.

ಜೆ. ಸಿ. ರಸ್ತೆಯ ಸೌಕರ್ಯ ತಿಳಿಯುವುದು ಇಂಥ ಸಮಯದಲ್ಲಿಯೇ. ಹುಡುಗ ಸವೆದ ಭಾಗವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಓಡಿದ. ನಾಲ್ಕನೆಯ ಅಂಗಡಿಯಲ್ಲಿ ಜೋಡಿ ಸಿಕ್ಕಿತು. ಸಂಜೆ ಐದರೊಳಗೆ ಕಾರು ಸಿದ್ಧವಾಯಿತು.

ಈ ಕೆಲಸವನ್ನು ಮನೆಯಲ್ಲಿಯೇ ಮಾಡಬಯಸುವ ವಾಚಕರೂ ಇರಬಹುದು. ಬರಿದುಮಾಡುವುದು, ಒತ್ತಿ ನೋಡುವುದು, ಅನುಮಾನವಿರುವ ಸಂದಿಯಲ್ಲಿ ರಟ್ಟಿನ ಚೂರು ಸಿಕ್ಕಿಸಿ ಒಂದು ದಿನ ಓಡಿಸಿ ನೋಡುವುದು – ಇಷ್ಟನ್ನು ಯಾರೂ ಮಾಡಬಹುದು. ಸಡಿಲವಾದುದಕ್ಕೆ ಫೆಲ್ಟು, ಮುರಿದ ಕ್ಲಿಪ್ಪಿಗೆ ಹೊಸ ಕ್ಲಿಪ್ಪು. ಎರಡೂ ಈ ಬೀದಿಯಲ್ಲಿ ಬಿಡಿಯಾಗಿ ದೊರೆಯುತ್ತವೆ. ಆದರೆ ಗಾಳಿಚೀಲವಿರುವ ಕಡೆ – ಸ್ಟೀರಿಂಗು, ಡ್ಯಾಶ್‌ಬೋರ್ಡಿನ ಎಡಭಾಗ, ಕೆಲವು ಕಾರುಗಳಲ್ಲಿ ಪಕ್ಕದ ಕಂಬ ಮತ್ತು ಛಾವಣಿಯ ಅಂಚು – ಬಿಚ್ಚುವುದಾಗಲಿ ಸ್ಪಂಜು ತುರುಕುವುದಾಗಲಿ ಕೂಡದು. ಅಪಘಾತದ ಕ್ಷಣದಲ್ಲಿ ಚೀಲ ಬಿಚ್ಚಿಕೊಳ್ಳುವ ದಾರಿಗೆ ಅದು ಅಡ್ಡಬಂದೀತು. ಸ್ಟೀರಿಂಗ್ ತಿರುಗಿಸಿದಾಗ, ಬ್ರೇಕ್ ಒತ್ತಿದಾಗ, ಹಳ್ಳಕ್ಕೆ ಇಳಿದಾಗ ಕೆಳಗಿನಿಂದ ಕೇಳಿಬರುವ ಸದ್ದನ್ನು ಅದೇ ದಿನ ಬಲ್ಲವರಿಗೆ ತೋರಿಸಬೇಕು.

ಇಳಿಹೊತ್ತಿಗೆ ರಸ್ತೆಯ ದಟ್ಟಣೆ ಇಮ್ಮಡಿಸುತ್ತದೆ. ಕಲಾಕ್ಷೇತ್ರದ ಅಂಗಳದಲ್ಲಿ ನಾಟಕಕ್ಕೆ ಬಂದವರು ಕಾಫಿ ಹಿಡಿದು ನಿಲ್ಲುತ್ತಾರೆ. ಓಣಿಯಲ್ಲಿ ದೀಪ ಹತ್ತುತ್ತದೆ. ಇನ್ನೊಂದು ಕಾರು ಬಂದು ನಿಲ್ಲುತ್ತದೆ. ಅದರ ಒಡೆಯ ಗಾಜು ಇಳಿಸಿ, ಡ್ಯಾಶ್‌ಬೋರ್ಡನ್ನು ತೋರಿಸುತ್ತ ಏನೋ ಹೇಳತೊಡಗುತ್ತಾನೆ. ಮೇಸ್ತ್ರಿ ಕೈ ಒರಸಿಕೊಂಡು ಕಿಟಕಿಯ ಬಳಿ ಬಗ್ಗಿ ಕೇಳುತ್ತಾರೆ:

“ಯಾವಾಗ ಬರ್ತದೆ, ಸಾರ್?”