ಗೆರೆ ಇಲ್ಲದ ನೀರು

ನಮ್ಮ ಗೋರ್ವಾಕ್ಕೆ ಹತ್ತಿರದ ಕಡಲೆಂದರೆ ಖಂಭಾತ್ ಕೊಲ್ಲಿ. ಅಲ್ಲಿ ಉಬ್ಬರವಿಳಿತಕ್ಕೆ ನೀರು 10 ಮೀಟರಿನಷ್ಟು ಏರಿಳಿಯುತ್ತದೆ. ಇಳಿದಾಗ ಬರೀ ಕೆಸರು. ಹಾಗಾಗಿ ನಮ್ಮಂಥವರು ಈಜು ಕಲಿಯುವುದು ಕ್ಲೋರಿನ್ ವಾಸನೆಯ ಕೊಳದಲ್ಲಿ. ಕಳೆದ ದೀಪಾವಳಿ ರಜೆಗೆ ಅಪ್ಪನ ಊರು ಮಲ್ಪೆಗೆ ಹೋದಾಗ, ಪಡುಕೆರೆಯಲ್ಲಿ ಒಂದು ದಿನದ ಈಜು ಶಿಬಿರಕ್ಕೆ ಸೇರಿದೆ.

ಕೊಳದ ತಳದಲ್ಲಿ ಕಪ್ಪು ಗೆರೆಯಿರುತ್ತದೆ, 25 ಮೀಟರಿಗೊಂದು ಗೋಡೆ. ಕಡಲಲ್ಲಿ ಎರಡೂ ಇಲ್ಲ. ಉಪ್ಪುನೀರು ಮೈಯನ್ನು ತಾನೇ ಎತ್ತಿ ಹಿಡಿಯುತ್ತದೆ, ನಿಜ. ಆದರೆ ಗುರುತಿಟ್ಟುಕೊಂಡಿದ್ದ ತೆಂಗಿನಮರ ಐದೇ ನಿಮಿಷದಲ್ಲಿ ಪಕ್ಕಕ್ಕೆ ಸರಿದಿತ್ತು. ಸರಿದದ್ದು ಮರವಲ್ಲ, ಸೆಳೆತಕ್ಕೆ ಸಿಕ್ಕಿದ ನಾನು! ಎದೆ ಡವಡವ ಎಂದಿತು. ದೋಣಿಯಲ್ಲಿದ್ದ ಹಿರಿಯರು ಕೂಗಿದರು: "ಅಂಗಾತ ಮಲಗು ಮಾರಾಯ! ಉಸಿರು ಸಿಗಲಿ. ಆಮೇಲೆ ಆರು ಕೈಗೊಮ್ಮೆ ತಲೆಯೆತ್ತಿ ಮರ ನೋಡು."

ಅಪ್ಪ ಕನ್ನಡದಲ್ಲಿ ಕೇಳಿದರೆ ಗುಜರಾತಿಯಲ್ಲಿ ಉತ್ತರಿಸುವವರಲ್ಲಿ ನಾನೂ ಒಬ್ಬ. 'ಅಂಗಾತ' ತಿಳಿದದ್ದು ಅಜ್ಜಿಯ ದಯೆಯಿಂದ. ಹಾಗೆ ಮಲಗಿದರೆ ಕೆಟ್ಟ ಕನಸು ಬೀಳುತ್ತದೆಂದು ದಿನಾ ಬೈಯುತ್ತಿದ್ದರು. ಮಲಗಿದೆ. ನೀರು ಹಿಡಿದುಕೊಂಡಿತು.

ಇದೇ ಪಡುಕೆರೆಯ ಕಡಲಲ್ಲಿ 2021ರ ಜನವರಿಯಲ್ಲಿ 65ರ ಗಂಗಾಧರ ಕಡೇಕಾರ್ ಅವರು ಕಾಲಿಗೆ ಸರಪಳಿ ಬಿಗಿದುಕೊಂಡು ಪದ್ಮಾಸನದಲ್ಲಿ 1,400 ಮೀಟರ್ ಈಜಿದ್ದರು. ನಾನು ಎರಡೂ ಕಾಲು ಬಡಿದು 600ಕ್ಕೆ ಸುಸ್ತು.

ಮಧ್ಯಾಹ್ನ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದೆವು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಕಂಬಗಲ್ಲುಗಳ ಮೇಲೆ ಕುಳಿತು ಬುತ್ತಿ ಬಿಚ್ಚಿದಾಗ, ನಮ್ಮ ಗುಜರಾತಿನ ಚೋರ್ವಾಡ್–ವೆರಾವಳ ಸಮುದ್ರ ಈಜಿನ ಮಾತು ತೆಗೆದೆ. 21 ನಾಟಿಕಲ್ ಮೈಲಿ!

"ಮೊದಲು ಸಾವಿರ ಮೀಟರ್ ಮುಗಿಸು" ಎಂದರು ಅಪ್ಪ. ಕನ್ನಡದಲ್ಲೇ ಸರಿ ಎಂದೆ.